ಬಾಗಿಲಿನಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ

9 ಜನವರಿ

ಮಗನಿಗೆ,

ಎಲ್ಲ ಚೆನ್ನಾಗಿದೆ ಎಂದು ಶುರು ಮಾಡಿದರೆ ಎರಡನೇ ಸಾಲಿನಲ್ಲೇ ಸಿಕ್ಕಿಬೀಳುತ್ತೇನೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾಲ್ಕು ತಿಂಗಳಿಂದ ನನ್ನ ಗಂಟಲು ಕಟ್ಟಿದ್ದು ಶೀತದಿಂದಲ್ಲವಂತೆ. ಡಾಕ್ಟರು ಮೂಗಿನಲ್ಲಿ ನಳಿಗೆ ಬಿಟ್ಟು ನೋಡಿ, ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರೆ ಜೀವಕ್ಕೆ ಭಯವಿಲ್ಲ. ಮಾತು ಮಾತ್ರ ಇರುವುದಿಲ್ಲ. ಫೆಬ್ರವರಿ ಎರಡಕ್ಕೆ ಆಪರೇಶನ್.

‘ಮಾತಿಲ್ಲದೆ ಹೇಗಿರ್ತೀರೋ ಏನೋ’ ಎಂದು ಡಾಕ್ಟರೇ ಮರುಗಿದರು. ‘ಮೂವತ್ತೆರಡು ವರ್ಷ ಕಾಲೇಜು ಲೈಬ್ರರೀಲಿ ಇದ್ದೆ ಸಾರ್, ಅಭ್ಯಾಸ ಇದೆ’ ಎಂದೆ. ಅವರು ನಕ್ಕರು. ನಿನ್ನಮ್ಮ ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಇದ್ದಳು. ಗಡ್ಡೆಯನ್ನು ನಾನೇ ಎಲ್ಲಿಂದಲೋ ಕೊಂಡು ತಂದ ಹಾಗೆ.

ನಿನಗೆ ಮಿಮಿಕ್ರಿ ಕಾರ್ಯಕ್ರಮಗಳ ಮೇಲೆ ಕಾರ್ಯಕ್ರಮ ಇರುತ್ತದೆ, ಗೊತ್ತು. ಒಂದು ದಿನ ಬಿಡುವಾದರೆ ಬಂದು ಹೋಗು. ಎರಡನೇ ತಾರೀಖಿನ ನಂತರವೂ ಬರಬಹುದು. ಆದರೆ ಮುಂಚೆ ಬಂದರೆ ಒಳ್ಳೆಯದು.

ಅಪ್ಪ

•

24 ಜನವರಿ

ಅಪ್ಪನಿಗೆ,

ನಿಮ್ಮ ಪತ್ರ ನನ್ನನ್ನು ಹುಡುಕಿಕೊಂಡು ಮೂರು ಲಾಡ್ಜ್ ಸುತ್ತಿ ನಿನ್ನೆ ಕೈಗೆ ಸಿಕ್ಕಿತು. ಓದಿದ ಕೂಡಲೇ ಫೋನ್ ಮಾಡಲು ಹೋದೆ. ನಂಬರ್ ಒತ್ತಿ, ಒಂದು ಸಲ ರಿಂಗ್ ಆದಮೇಲೆ ಇಟ್ಟುಬಿಟ್ಟೆ. ಮತ್ತೆ ಸಾಯಂಕಾಲ ಹೋದೆ, ಮತ್ತೆ ಇಟ್ಟುಬಿಟ್ಟೆ. ಹದಿನೇಳು ಜನರ ದನಿ ತೆಗೆಯುವ ಬಾಯಿಗೆ ‘ಅಪ್ಪಾ, ಹೇಗಿದ್ದೀರಿ’ ಎನ್ನುವ ಎರಡು ಮಾತು ಬರಲಿಲ್ಲ.

ಇಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗಿದೆ. ಮೊನ್ನೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ನಿನ್ನೆ ಯಾರದೋ ಮದುವೆಯಲ್ಲಿ, ನಾಳೆ ಬ್ಯಾಂಕಿನವರ ಸಮ್ಮೇಳನದಲ್ಲಿ. ಗೊಂಬೆ ಡುಮ್ಮನ ದವಡೆಯ ತಂತಿ ಕಿತ್ತುಹೋಗಿದೆ, ಅವನ ಬಾಯಿ ಮುಚ್ಚುತ್ತಿಲ್ಲ. ಜನ ಅದಕ್ಕೂ ನಗುತ್ತಾರೆ. ಈಗ ಲಿಫ್ಟಿನಲ್ಲಿ ಸಿಕ್ಕಿಕೊಂಡ ನಾಲ್ಕು ಜನ ಎಂಬ ಹೊಸ ಐಟಂ ಮಾಡಿದ್ದೇನೆ, ಚೆನ್ನಾಗಿ ಹೋಗುತ್ತಿದೆ. ಆದರೆ ರೂಮಿಗೆ ಬಂದರೆ ಒಂದು ಕಡೆ ಕೂರಲು ಆಗುವುದಿಲ್ಲ. ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತೇನೆ. ಕೆಳಗಿನ ರೂಮಿನವರು ಮ್ಯಾನೇಜರಿಗೆ ದೂರು ಕೊಟ್ಟಿದ್ದಾರೆ.

ಮೂವತ್ತನೇ ತಾರೀಖಿಗೆ ಬಂದೇ ಬರುತ್ತೇನೆ. ಅಮ್ಮನಿಗೆ ಹೇಳಿ.

ನಿಮ್ಮ ಮಗ

•

1 ಮಾರ್ಚ್

ಮಗನಿಗೆ,

ಆಪರೇಶನ್ ಆಯಿತು. ಕತ್ತಿನಲ್ಲಿ ಒಂದು ತೂತು ಇದೆ, ಅದರಿಂದಲೇ ಉಸಿರಾಟ. ಮೂಗು ಈಗ ಕನ್ನಡಕ ನಿಲ್ಲಿಸಲು ಮಾತ್ರ.

ಮೂವತ್ತನೇ ತಾರೀಖು ನಿನ್ನಮ್ಮ ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿಬಂದಳು. ನಿನ್ನ ಪೋಸ್ಟರುಗಳಲ್ಲಿ ‘ಒಬ್ಬರೇ ಹದಿನೇಳು ಮಂದಿ’ ಎಂದು ಅಚ್ಚಾಗಿರುತ್ತದೆ. ಹದಿನೇಳರಲ್ಲಿ ಒಬ್ಬನಾದರೂ ಬರಬಹುದಿತ್ತು.

ಇದನ್ನು ಕೋಪದಿಂದ ಬರೆದೆ. ಹೊಡೆದುಹಾಕೋಣವೆಂದುಕೊಂಡೆ, ಆಮೇಲೆ ಇರಲಿ ಎಂದು ಬಿಟ್ಟೆ.

ಮನೆಯಲ್ಲಿ ಒಂದು ಸ್ಲೇಟು ತಂದಿಟ್ಟಿದ್ದೇವೆ. ಬೇಕಾದ್ದನ್ನು ಅದರಲ್ಲಿ ಬರೆದು ತೋರಿಸುತ್ತೇನೆ. ನಿನ್ನಮ್ಮ ಅಡುಗೆಮನೆಯಲ್ಲಿದ್ದರೆ ಕರೆಯಲು ಪೆನ್ಸಿಲಿನಿಂದ ಮೇಜು ತಟ್ಟುತ್ತೇನೆ, ಲೈಬ್ರರಿಯಲ್ಲಿ ತಟ್ಟುತ್ತಿದ್ದ ಹಾಗೇ. ಮೊದಲ ದಿನ ಬಂದಳು. ಎರಡನೇ ದಿನ, ‘ನಾನೇನು ನಿಮ್ಮ ಆಫೀಸಿನ ಜವಾನನಾ, ಟಕಟಕ ಅಂದ ಕೂಡಲೇ ಓಡಿ ಬರೋಕೆ’ ಎಂದಳು. ಈಗ ತಟ್ಟಿದರೆ ಬರುವುದಿಲ್ಲ. ನಾನೇ ಎದ್ದು ಹೋಗುತ್ತೇನೆ.

ನಿನಗೆ ನೆನಪಿದೆಯೋ ಇಲ್ಲವೋ. ಸಾಯಂಕಾಲ ನಾನು ಮನೆಗೆ ಬಂದು ಚಪ್ಪಲಿ ಬಿಡುತ್ತಾ ‘ಬಂದೆ ಕಣೇ’ ಎನ್ನುತ್ತಿದ್ದೆ. ಅವಳು ಒಳಗಿನಿಂದಲೇ ‘ಬಂದ್ರಾ? ಬಾಗಿಲು ಹಾಕ್ಕೊಳ್ಳಿ, ಸೊಳ್ಳೆ ಬರ್ತವೆ’ ಎನ್ನುತ್ತಿದ್ದಳು. ನಲವತ್ತೆರಡು ವರ್ಷ ದಿನಾ ಅದೇ ಮಾತು. ಈಗ ಸಂಜೆ ವಾಕಿಂಗ್ ಮುಗಿಸಿ ಬಂದು ಚಪ್ಪಲಿ ಬಿಡುತ್ತೇನೆ. ಒಳಗೆ ಪಾತ್ರೆಯ ಸದ್ದು ಬರುತ್ತಿರುತ್ತದೆ, ಅವಳು ಏನೂ ಅನ್ನುವುದಿಲ್ಲ. ಅವಳ ಧ್ವನಿಪೆಟ್ಟಿಗೆಯನ್ನು ಯಾರೂ ತೆಗೆದಿಲ್ಲವಲ್ಲ.

ಅಪ್ಪ

•

16 ಮಾರ್ಚ್

ಅಪ್ಪನಿಗೆ,

ನಿಮ್ಮ ಕೋಪವನ್ನು ಹೊಡೆದುಹಾಕದೆ ಕಳಿಸಿದ್ದು ಒಳ್ಳೆಯದಾಯಿತು. ನಾನೂ ನಿಜ ಬರೆಯುತ್ತೇನೆ.

ಮೂವತ್ತು ಮತ್ತು ಮೂವತ್ತೊಂದು ನನಗೆ ಕಾರ್ಯಕ್ರಮ ಇರಲಿಲ್ಲ. ಬಸ್ಸಿನ ಟಿಕೆಟ್ ಕೂಡ ಕೊಂಡಿದ್ದೆ. ಹೊರಡುವ ಮುಂಚೆ ಚೀಲಕ್ಕೆ ಬಟ್ಟೆ ತುಂಬುತ್ತಾ ನೋಡಿಕೊಂಡರೆ, ಬಟ್ಟೆಯ ಜೊತೆ ಕ್ಯಾಸೆಟ್ ರೆಕಾರ್ಡರನ್ನೂ ಇಟ್ಟಿದ್ದೆ. ನನ್ನ ಕೈ ತಾನಾಗಿಯೇ ಇಟ್ಟಿತ್ತು. ನಿಮ್ಮ ಕೊನೆಯ ಮಾತುಗಳನ್ನು ಕೇಳಲು ಬರುವ ಮಗನ ಚೀಲದಲ್ಲಿ ರೆಕಾರ್ಡರು. ನಾನು ಬಂದಿದ್ದರೆ ನೀವು ಏನು ಹೇಳಿದಿರಿ ಎಂದು ಕೇಳುತ್ತಿರಲಿಲ್ಲ, ಹೇಗೆ ಹೇಳಿದಿರಿ ಎಂದಷ್ಟೇ ಕೇಳುತ್ತಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಎರಡು ದಿನ ಲಾಡ್ಜಿನಲ್ಲೇ ಬಿದ್ದುಕೊಂಡಿದ್ದೆ. ಇದು ಕಾರಣವೇ ಹೊರತು ಸಮರ್ಥನೆ ಅಲ್ಲ.

ಇನ್ನೊಂದು ವಿಷಯ. ನಮ್ಮ ಕಾಲೇಜಿನಿಂದ ಪತ್ರ ಬಂದಿದೆ. ಮೇ ಹದಿನೇಳಕ್ಕೆ ಐವತ್ತನೇ ವರ್ಷದ ಸಮಾರಂಭವಂತೆ, ಸಂಜೆ ನಾಲ್ಕಕ್ಕೆ ನನ್ನ ಕಾರ್ಯಕ್ರಮ ಬೇಕಂತೆ. ‘ತಮ್ಮ ಲೈಬ್ರರಿ ಐಟಂ ಇರಲೇಬೇಕು, ಅದು ಹುಟ್ಟಿದ್ದೇ ನಮ್ಮ ವೇದಿಕೆಯಲ್ಲಿ’ ಎಂದು ಪ್ರಿನ್ಸಿಪಾಲರು ಕೆಂಪು ಇಂಕಿನಲ್ಲಿ ಗೆರೆ ಎಳೆದು ಬರೆದಿದ್ದಾರೆ. ಆಗಲ್ಲ ಎಂದು ಬರೆದುಬಿಡುತ್ತೇನೆ. ನಿಮ್ಮ ಹಾಗೆ ನಟಿಸುವ ಆ ಐಟಂ ಮಾಡದೆ ಎರಡು ತಿಂಗಳಾಯಿತು. ಜನ ‘ಸೈಲೆನ್ಸ್, ಸೈಲೆನ್ಸ್’ ಎಂದು ಕೂಗುತ್ತಾರೆ, ನಾನು ಗೊಂಬೆ ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಇಪ್ಪತ್ತೊಂದು ವರ್ಷದ ಹಿಂದೆ ನಾನು ಮೊದಲ ಸಲ ಅದನ್ನು ಮಾಡಿದಾಗ, ಹಾಲಿನ ಕೊನೆಯ ಸಾಲಿನಿಂದ ನೀವು ಎದ್ದುಹೋದಿರಿ. ನಾನು ನೋಡಿದೆ. ಆವತ್ತಿನಿಂದ ಇವತ್ತಿನ ತನಕ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಕೋಪ ಬಂದಿತ್ತೇ?

ನಿಮ್ಮ ಮಗ

•

25 ಮಾರ್ಚ್

ಮಗನಿಗೆ,

ಕೋಪಕ್ಕೇ ಎದ್ದುಹೋದದ್ದು. ‘ಕೋಪ ನಿನ್ನ ಮೇಲಲ್ಲ’ ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು. ನಿನ್ನ ಮೇಲೇ.

ನಾನು ಯಾವತ್ತು ಕೂಗಿದ್ದೆ, ಹೇಳು. ನೀನು ವೇದಿಕೆಯ ಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನರ ಉಬ್ಬಿಸಿ, ಕಟ್ಟಡ ಬೀಳುವ ಹಾಗೆ ‘ಸೈಲೆನ್ಸ್’ ಎಂದೆ. ಸುಮ್ಮನಿರಿ ಎಂದು ಹೇಳುವವನೇ ಎಲ್ಲರಿಗಿಂತ ಜಾಸ್ತಿ ಸದ್ದು ಮಾಡುವುದು ತಮಾಷೆಯೇ, ಅದು ನನಗೂ ಅರ್ಥವಾಗುತ್ತದೆ. ಆದರೆ ಹುಡುಗರು ನನ್ನನ್ನು ‘ಪೆನ್ಸಿಲ್ ಸಾರ್’ ಎಂದು ಯಾಕೆ ಕರೆಯುತ್ತಿದ್ದರು? ನಾನು ಒಂದು ಸಲ ಮೇಜು ತಟ್ಟಿದರೆ ಇಡೀ ಹಾಲ್ ಸುಮ್ಮನಾಗುತ್ತಿತ್ತು. ನಿನ್ನ ಐಟಂ ಆದ ಮರುದಿನ ತಟ್ಟಿದೆ, ಎಲ್ಲರೂ ಗೊಳ್ಳೆಂದು ನಕ್ಕರು. ರಿಟೈರ್ ಆಗುವ ತನಕ, ಹನ್ನೊಂದು ವರ್ಷ, ನನ್ನ ಲೈಬ್ರರಿಯಲ್ಲಿ ಸದ್ದು ನಿಲ್ಲಲಿಲ್ಲ. ನೀನು ನನ್ನನ್ನು ಹಾಸ್ಯ ಮಾಡಿದ್ದಕ್ಕೆ ಬೇಜಾರಿಲ್ಲ. ನನ್ನ ಕೈಲಿದ್ದ ಒಂದೇ ಕೆಲಸವನ್ನು ಕಿತ್ತುಕೊಂಡೆಯಲ್ಲ, ಅದಕ್ಕೆ ಬೇಜಾರು.

ಈಗ ಕೇಳು. ಕಾಲೇಜಿಗೆ ಒಪ್ಪಿಗೆ ಬರೆ. ಆ ಐಟಮ್ಮನ್ನೂ ಮಾಡು. ಆದರೆ ಈ ಸಲ ಸರಿಯಾಗಿ ಮಾಡು. ನನ್ನ ದನಿ ಹೇಗಿತ್ತೋ ಹಾಗೇ ತೆಗೆ. ಕೊನೆಯಲ್ಲಿ ನನ್ನ ‘ಬಂದೆ ಕಣೇ’ ಹೇಳು. ನಿನ್ನಮ್ಮನನ್ನು ನಾನು ಕರೆದುಕೊಂಡು ಬರುತ್ತೇನೆ, ಅವಳಿಗೆ ಮುಂಚೆ ಏನೂ ಹೇಳುವುದಿಲ್ಲ.

ಯಾಕೆಂದು ಕೇಳಬೇಡ, ನಾನೇ ಹೇಳುತ್ತೇನೆ. ಮೊನ್ನೆ ಅವಳು ಒಬ್ಬಳೇ ಕೂತು ಏನೋ ಗುನುಗುತ್ತಿದ್ದಳು. ಏನೆಂದು ಸ್ಲೇಟಿನಲ್ಲಿ ಕೇಳಿದೆ. ‘ನಿಮ್ಮ ದನಿ ನೆನಪು ಮಾಡ್ಕೊಳ್ತಾ ಇದ್ದೆ, ಬರ್ತಾನೇ ಇಲ್ಲ’ ಎಂದು ಎದ್ದುಹೋದಳು. ಇನ್ನೊಂದೇ ಒಂದು ಸಲ ಅವಳನ್ನು ನನ್ನ ಬಾಯಿಂದ ಕರೆಯಬೇಕು. ಆ ಬಾಯಿ ಈಗ ನಿನ್ನ ಹತ್ತಿರ ಇದೆ.

ಅಪ್ಪ

•

10 ಏಪ್ರಿಲ್

ಅಪ್ಪನಿಗೆ,

ಕಾಲೇಜಿಗೆ ಒಪ್ಪಿಗೆ ಬರೆದೆ. ಬರೆಯಬಾರದಿತ್ತು.

ನಿಮ್ಮ ದನಿ ನನ್ನ ಹತ್ತಿರ ಇಲ್ಲ. ಹದಿನೈದು ದಿನದಿಂದ ಬಚ್ಚಲುಮನೆಯ ಕನ್ನಡಿಯ ಮುಂದೆ, ರೈಲಿನ ಬಾಗಿಲಲ್ಲಿ, ಗ್ರೀನ್‌ರೂಮಿನಲ್ಲಿ ಹುಡುಕುತ್ತಿದ್ದೇನೆ. ಬಾಯಿ ತೆರೆದರೆ ಬರುವವನು ಆ ಕೂಗುವವನೇ. ಇಪ್ಪತ್ತೊಂದು ವರ್ಷ ಅವನನ್ನೇ ಸಾಕಿದ್ದೇನೆ. ಎಲ್ಲಿ ಜನ ಹೆಚ್ಚು ನಕ್ಕರೋ ಅಲ್ಲಿ ಎಳೆದೆ, ನಗದ ಕಡೆ ಕತ್ತರಿಸಿದೆ. ಅವನ ಕೆಳಗೆ ನೀವು ಎಲ್ಲೋ ಹೂತುಹೋಗಿದ್ದೀರಿ. ಮನೆಯಲ್ಲಿ ನಿಮ್ಮ ಮಾತಿರುವ ಒಂದು ಕ್ಯಾಸೆಟ್ಟೂ ಇಲ್ಲ, ಇರುವುದೆಲ್ಲ ನನ್ನದೇ. ಬೇರೆ ಯಾರ ದನಿ ಬೇಕಾದರೂ ಕೇಳಿ, ನಿಮಿಷದಲ್ಲಿ ತೆಗೆಯುತ್ತೇನೆ. ಸ್ವಂತ ಅಪ್ಪನದು ಬರುವುದಿಲ್ಲ ಎಂದರೆ ನಾನು ಎಂಥ ಕಲಾವಿದ?

ನಿದ್ದೆ ಸರಿಯಾಗಿ ಬರುತ್ತಿಲ್ಲ. ನಿನ್ನೆ ಕಾರ್ಯಕ್ರಮದಲ್ಲಿ ಡುಮ್ಮನ ದನಿಯನ್ನು ಮುದುಕಿಯ ಪಾತ್ರಕ್ಕೆ, ಮುದುಕಿಯದನ್ನು ಡುಮ್ಮನಿಗೆ ಹಾಕಿಬಿಟ್ಟೆ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೇಕೆಂದೇ ಮಾಡಿದೆ ಎಂದುಕೊಂಡರು.

ಒಂದು ಉಪಾಯ ಇದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆಗೆ ಫೋನ್ ಮಾಡುತ್ತೇನೆ. ನೀವೇ ಎತ್ತಿ ಸುಮ್ಮನೆ ಕಿವಿಗೆ ಇಟ್ಟುಕೊಳ್ಳಿ. ನಾನು ನಿಮ್ಮ ಹಾಗೆ ಮಾತಾಡುತ್ತೇನೆ. ತಪ್ಪಾದರೆ ಪೆನ್ಸಿಲಿನಿಂದ ರಿಸೀವರಿಗೆ ಒಂದು ಸಲ ತಟ್ಟಿ, ಸರಿಯಾದರೆ ಎರಡು ಸಲ.

ನಿಮ್ಮ ಮಗ

•

19 ಏಪ್ರಿಲ್

ಮಗನಿಗೆ,

ಭಾನುವಾರ ಅರ್ಧ ಗಂಟೆ ಒಂದೊಂದೇ ತಟ್ಟಿ ನನ್ನ ಪೆನ್ಸಿಲಿನ ಮೊನೆ ಮುರಿಯಿತು. ‘ಯಾರ್ರೀ ಅದು, ಫೋನನ್ನೂ ತಟ್ತಾ ಇದ್ದೀರಲ್ಲ’ ಎಂದು ನಿನ್ನಮ್ಮ ಬಂದು ಇಣುಕಿದಳು. ಪಿಂಚಣಿ ಆಫೀಸು ಎಂದು ಸ್ಲೇಟಿನಲ್ಲಿ ಬರೆದೆ. ಆಫೀಸಿನವರಿಗೆ ಹಾಗೇ ಆಗಬೇಕು ಎಂದು ಹೋದಳು.

ನಿನ್ನ ತಪ್ಪುಗಳನ್ನು ಬರೆಯುತ್ತೇನೆ. ನೀನು ಮಾತನ್ನು ಎತ್ತರದಿಂದ ಶುರು ಮಾಡುತ್ತೀಯ, ನಾನು ತಗ್ಗಿನಿಂದ. ನೀನು ಕೊನೆಯ ಶಬ್ದವನ್ನು ಎಳೆದು ಬಿಡುತ್ತೀಯ, ಯಾರಾದರೂ ಚಪ್ಪಾಳೆ ಹೊಡೆಯಲಿ ಎಂದು ಕಾಯುವವನಂತೆ. ನಾನು ಕೊನೆಯ ಶಬ್ದವನ್ನು ಅರ್ಧ ನುಂಗುತ್ತಿದ್ದೆ, ಯಾಕೆಂದರೆ ಅಷ್ಟರಲ್ಲಿ ಮುಂದಿನ ಪುಸ್ತಕದ ಕಾರ್ಡು ಹುಡುಕುತ್ತಿರುತ್ತಿದ್ದೆ. ‘ಹದಿನೈದು ದಿನ. ಪುಟ ಮಡಚಬೇಡಿ.’ ಇದನ್ನು ಹೇಳುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಪುಸ್ತಕದ ಬೆನ್ನು ಸವರುತ್ತಿದ್ದೆ. ಕೈ ಪುಸ್ತಕದ ಮೇಲಿದ್ದರೆ ದನಿ ಸಣ್ಣದಾಗುತ್ತದೆ. ಕೈಯಲ್ಲಿ ಪುಸ್ತಕ ಹಿಡಿದು ಅಭ್ಯಾಸ ಮಾಡು.

‘ಬಂದೆ ಕಣೇ’ ಎಂಬುದನ್ನು ನೀನು ಊರಿಗೆಲ್ಲ ಹೇಳುತ್ತಿದ್ದೀಯ. ನಮ್ಮ ಬಾಗಿಲಿನಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ, ನಿನ್ನೆ ಎಣಿಸಿದೆ. ಆ ಹನ್ನೆರಡು ಹೆಜ್ಜೆ ದಾಟಲು ಎಷ್ಟು ಬೇಕೋ ಅಷ್ಟೇ ದನಿ. ಅದಕ್ಕಿಂತ ಹೆಚ್ಚಾದರೆ ಅದು ನಾನಲ್ಲ. ಹೇಳುವಾಗ ಒಂದು ಕಾಲಿನ ಚಪ್ಪಲಿ ಬಿಟ್ಟಿರುತ್ತಿದ್ದೆ, ಇನ್ನೊಂದರದ್ದು ಬಿಡಲು ಬಗ್ಗಿರುತ್ತಿದ್ದೆ. ಅದಕ್ಕೇ ‘ಕಣೇ’ ಸ್ವಲ್ಪ ಅದುಮಿದ ಹಾಗೆ ಬರುತ್ತಿತ್ತು.

ಎಂಟುನೂರು ಜನರ ಹಾಲಿನಲ್ಲಿ ಸಣ್ಣ ದನಿ ಹೇಗೆ ಎಂದು ನೀನು ಕೇಳುತ್ತೀಯ. ಮೈಕ್ ಆರಿಸಿಬಿಡು. ನಾವು ಎಷ್ಟು ಮೆಲ್ಲಗೆ ಮಾತಾಡುತ್ತೇವೋ ಅಷ್ಟು ಸುಮ್ಮನಾಗುತ್ತಾರೆ ಜನ. ನನ್ನ ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ, ಈಗ ನಿನಗೆ ಕೊಟ್ಟಿದ್ದೇನೆ.

ಅಪ್ಪ

•

4 ಮೇ

ಅಪ್ಪನಿಗೆ,

ಈವತ್ತು ನೀವು ಎರಡು ಸಲ ತಟ್ಟಿದಿರಿ. ‘ಪುಟ ಮಡಚಬೇಡಿ’ಗೆ ಎರಡು, ‘ಬಂದೆ ಕಣೇ’ಗೂ ಎರಡು. ನನ್ನ ಕಿವಿಯೇ ಮೋಸ ಮಾಡುತ್ತಿದೆಯೇನೋ ಎಂದು ಮತ್ತೆ ಹೇಳಿದೆ, ಮತ್ತೆ ಟಕ್ ಟಕ್. ಫೋನ್ ಇಟ್ಟು ಬೂತಿನಲ್ಲೇ ನಿಂತು ಅತ್ತೆ. ಹೊರಗೆ ಕಾಯುತ್ತಿದ್ದ ಹೆಂಗಸು ‘ಯಾರಾದ್ರೂ ಹೋಗಿಬಿಟ್ರೇನಪ್ಪಾ’ ಎಂದು ಕೇಳಿದರು. ಇಲ್ಲ, ಬಂದರು ಎಂದೆ.

ಚಪ್ಪಲಿ ಬಿಡುತ್ತಾ ಬಗ್ಗಿದಾಗ ಬಂತು, ನೀವು ಬರೆದ ಹಾಗೇ. ಬೂತಿನಲ್ಲಿ ಒಂಟಿ ಕಾಲಲ್ಲಿ ನಿಂತಿದ್ದೆ.

ಆದರೆ ಒಂದು ಮಾತು. ಇದರಲ್ಲಿ ನಗಲು ಏನೂ ಇಲ್ಲ. ನಾನು ನಗು ಬರದ ಕಡೆ ನಿಂತವನೇ ಅಲ್ಲ. ಎರಡು ಸೆಕೆಂಡ್ ನಗು ತಡವಾದರೆ ನನ್ನ ನಾಲಿಗೆ ತಾನೇ ಓಡಿ ಏನಾದರೂ ಎಳೆದುಕೊಂಡು ಬರುತ್ತದೆ. ಅದರ ಮೇಲೆ ನನಗೆ ಹಿಡಿತ ಇಲ್ಲ. ನೀವು ಎಲ್ಲಿ ಕೂರುತ್ತೀರಿ ಎಂದು ಬರೆಯಿರಿ. ಆ ಕಡೆ ನೋಡುತ್ತಾ ಹೇಳುತ್ತೇನೆ.

ನಿಮ್ಮ ಮಗ

•

10 ಮೇ

ಮಗನಿಗೆ,

ಕೊನೆಯ ಸಾಲು, ಬಾಗಿಲ ಪಕ್ಕ. ಕತ್ತಿನ ತೂತಿಗೆ ಧೂಳು ಹೋದರೆ ಕೆಮ್ಮು ಬರುತ್ತದೆ, ಹೊರಗೆ ಹೋಗಲು ಸುಲಭವಾಗಲಿ ಎಂದು. ನಿನ್ನಮ್ಮ ‘ಅಷ್ಟೊಂದು ಜನರ ಮಧ್ಯೆ ನಿಮ್ಮನ್ನ ಆಡ್ಕೊಳ್ಳೋದನ್ನ ನಾನ್ಯಾಕೆ ನೋಡ್ಲಿ’ ಎಂದು ಹಟ ಹಿಡಿದಿದ್ದಳು. ಒಪ್ಪಿಸಿದ್ದೇನೆ.

ನಾಲಿಗೆಯನ್ನು ಕಟ್ಟಿಹಾಕು. ಒಂದೇ ಸಂಜೆ ಸಾಕು.

ಅಪ್ಪ

•

18 ಮೇ, ರೈಲಿನಲ್ಲಿ

ಅಪ್ಪನಿಗೆ,

ಅಕ್ಷರ ಕುಣಿಯುತ್ತಿದೆ, ಕ್ಷಮಿಸಿ. ನಿಮ್ಮನ್ನು ನೋಡದೆ ಓಡಿಬಂದೆ. ಯಾವ ಮುಖ ಇಟ್ಟುಕೊಂಡು ಮನೆಗೆ ಬರಲಿ?

ಮೊದಲ ನಲವತ್ತು ನಿಮಿಷ ನೀವೇ ನೋಡಿದಿರಿ. ಡುಮ್ಮ, ಲಿಫ್ಟು, ಜಾದೂ, ಅಳುವ ಮಗು, ಸೀಟಿ ಹೊಡೆಯುವ ಕೆಟಲ್, ಎಲ್ಲದಕ್ಕೂ ನಕ್ಕರು. ಆಮೇಲೆ ‘ಸೈಲೆನ್ಸ್, ಸೈಲೆನ್ಸ್’ ಎಂಬ ಕೂಗು ಶುರುವಾಯಿತು. ನಾನು ಮೇಜು ಕುರ್ಚಿ ತರಿಸಿ ಮೈಕ್ ಆರಿಸಿದೆ. ಪುಸ್ತಕ ಕೈಗೆ ತೆಗೆದುಕೊಂಡು ಪೆನ್ಸಿಲಿನಿಂದ ಒಂದು ಸಲ ತಟ್ಟಿದೆ. ಎಂಟುನೂರು ಜನ ಸುಮ್ಮನಾದರು, ಅಪ್ಪಾ. ಒಂದು ಕುರ್ಚಿಯೂ ಕಿರ್ರೆನ್ನಲಿಲ್ಲ. ನೀವು ಹೇಳಿದ್ದು ನಿಜ.

ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ನಿಮ್ಮಿಬ್ಬರ ನೆರಳು ಮಾತ್ರ ಕಂಡಿತು. ಆ ಕಡೆಗೇ ಮುಖ ಮಾಡಿ ‘ಹದಿನೈದು ದಿನ’ ಎಂದೆ. ಯಾರೂ ನಗಲಿಲ್ಲ, ನಾನೂ ತಡೆದುಕೊಂಡೆ. ಎದ್ದು ಮೇಜಿಗೆ ಬೀಗ ಹಾಕಿದ ಹಾಗೆ ಮಾಡಿದೆ, ದಾರಿ ನಡೆದೆ, ಒಂದು ಚಪ್ಪಲಿ ಬಿಟ್ಟೆ, ಬಗ್ಗಿ ‘ಬಂದೆ ಕಣೇ’ ಎಂದೆ. ಬಂತು. ನೀವೇ ಬಂದಿರಿ.

ಅಷ್ಟರಲ್ಲಿ ಮುಂದಿನ ಸಾಲುಗಳ ಕಡೆಯಿಂದ ಯಾರೋ ಏನೋ ಅಂದರು. ಏನೆಂದು ತಿಳಿಯುವ ಮೊದಲೇ ಇಡೀ ಹಾಲು ಬಿದ್ದು ಬಿದ್ದು ನಗತೊಡಗಿತು. ಯಾವನೋ ನನ್ನನ್ನು ಆಡಿಕೊಂಡ ಎಂದುಕೊಂಡೆ. ಆ ಕ್ಷಣ ನನ್ನ ದರಿದ್ರ ನಾಲಿಗೆ ಕಟ್ಟು ಹರಿದುಕೊಂಡಿತು. ನರ ಉಬ್ಬಿಸಿ, ಕಟ್ಟಡ ಬೀಳುವ ಹಾಗೆ ‘ಸೈಲೆನ್ಸ್’ ಎಂದು ಕೂಗಿಬಿಟ್ಟೆ. ಆ ಹಳೆಯವನೇ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮತ್ತೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಎರಡು ನೆರಳು ಎದ್ದು ಹೊರಗೆ ಹೋದದ್ದನ್ನು ನೋಡಿದೆ. ಇಪ್ಪತ್ತೊಂದು ವರ್ಷದ ಹಿಂದಿನ ಹಾಗೇ.

ನೀವು ಕೇಳಿದ್ದು ಒಂದೇ ಸಂಜೆ. ಅದನ್ನೂ ಹಾಳುಮಾಡಿದೆ. ಅಮ್ಮನಿಗೆ ಏನು ಹೇಳಿದಿರೋ ಗೊತ್ತಿಲ್ಲ. ಇನ್ನು ಆ ಐಟಂ ಮಾಡುವುದಿಲ್ಲ. ಬೇರೆ ಹದಿನಾರು ಜನರನ್ನೂ ಮನೆಗೆ ಕಳಿಸಿ ಎಲ್ಲಾದರೂ ಕೆಲಸಕ್ಕೆ ಸೇರಿಬಿಡಲೇ ಎನಿಸುತ್ತಿದೆ.

ನಿಮ್ಮ ಮಗ

•

23 ಮೇ

ಮಗನಿಗೆ,

ಕೊನೆಯ ಸಾಲಿನಿಂದ ಎದ್ದುಹೋದವರು ಯಾರೋ ನಮಗೆ ಗೊತ್ತಿಲ್ಲ. ಐದೂವರೆಯ ಬಸ್ಸು ಹಿಡಿಯುವವರಿರಬೇಕು. ನಾವು ಕೊನೆಯ ಸಾಲಿನಲ್ಲಿ ಕೂತಿರಲೇ ಇಲ್ಲ. ಪ್ರಿನ್ಸಿಪಾಲರು ಬಾಗಿಲಲ್ಲೇ ಹಿಡಿದು, ‘ಪೆನ್ಸಿಲ್ ಸಾರ್ ಹಿಂದೆ ಕೂರೋದುಂಟಾ’ ಎಂದು ಮೂರನೇ ಸಾಲಿಗೆ ಎಳೆದುಕೊಂಡು ಹೋದರು. ನೀನು ಇಡೀ ಹೊತ್ತು ಯಾರೋ ದಾರಿಹೋಕರಿಗೆ ನನ್ನ ದನಿ ಕೇಳಿಸಿದ್ದೀಯ.

ಯಾರೋ ಆಡಿಕೊಂಡರು ಎಂದೆಯಲ್ಲ, ಅದು ನಿನ್ನಮ್ಮ.

ನೀನು ಪೆನ್ಸಿಲ್ ತಟ್ಟಿದಾಗ ಅವಳು ನನ್ನ ಕಡೆ ತಿರುಗಿ ನೋಡಿದಳು, ನಾನೇ ತಟ್ಟಿದೆನೇನೋ ಎಂದು. ‘ಪುಟ ಮಡಚಬೇಡಿ’ ಎಂದಾಗ ನನ್ನ ತೋಳು ಹಿಡಿದಳು. ‘ಬಂದೆ ಕಣೇ’ ಎಂದೆ ನೋಡು, ಅವಳು ಎಲ್ಲಿದ್ದೇನೆ ಎಂಬುದನ್ನೇ ಮರೆತು ಎದ್ದುನಿಂತು, ಹಾಲಿಗೆಲ್ಲ ಕೇಳುವ ಹಾಗೆ ‘ಬಂದ್ರಾ? ಬಾಗಿಲು ಹಾಕ್ಕೊಳ್ಳಿ, ಸೊಳ್ಳೆ ಬರ್ತವೆ’ ಎಂದಳು. ಆ ನಗು ಅವಳಿಗೆ ಬಿದ್ದದ್ದು. ನಿನ್ನ ಇಪ್ಪತ್ತೊಂದು ವರ್ಷದಲ್ಲಿ ನಿನಗೆ ಅಂಥದ್ದೊಂದು ಬಿದ್ದಿಲ್ಲ ಎಂದು ನನ್ನ ಅಂದಾಜು.

ತಾನು ಏನಂದೆ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಕೆನ್ನೆ ಕೆಂಪಗೆ ಮಾಡಿಕೊಂಡು ಕೂತಳು, ಕಣ್ಣು ತುಂಬಿತ್ತು. ಸರಿಯಾಗಿ ಆಗಲೇ ನೀನು ‘ಸೈಲೆನ್ಸ್’ ಎಂದು ಅರಚಿದೆ. ಅವಳು ನಕ್ಕಳು. ನಾಲ್ಕು ತಿಂಗಳಲ್ಲಿ ಮೊದಲ ಸಲ. ‘ಇಷ್ಟು ಜೋರಾಗಿ ಕೂಗೋ ಧೈರ್ಯ ನಿಮಗೆ ಯಾವತ್ತಿತ್ತು’ ಎಂದು ನನ್ನ ಕಿವಿಯಲ್ಲಿ ಹೇಳಿ ಮತ್ತೆ ನಕ್ಕಳು. ನಾನೂ ನಕ್ಕೆ, ಕತ್ತಿನ ತೂತಿನಿಂದ ಗಾಳಿ ಬುಸ್ಸೆಂದಿತು. ಆದ್ದರಿಂದ ಆ ಕೂಗುವವನನ್ನು ಕೊಲ್ಲಬೇಡ. ಅವನೂ ಇರಲಿ.

ನಿನ್ನನ್ನು ಗ್ರೀನ್‌ರೂಮಿನಲ್ಲಿ ಹುಡುಕಿದೆವು. ಡುಮ್ಮ ಒಬ್ಬನೇ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದ. ಅವನನ್ನು ಮನೆಗೆ ತಂದಿದ್ದೇವೆ. ದವಡೆಗೆ ಪುಸ್ತಕ ಹೊಲಿಯುವ ದಾರ ಹಾಕಿ ಸರಿಮಾಡಿದ್ದೇನೆ, ಈಗ ಬಾಯಿ ಮುಚ್ಚುತ್ತದೆ. ಬೇಕಾದರೆ ಬಂದು ತೆಗೆದುಕೊಂಡು ಹೋಗು, ಅಂಚೆಯಲ್ಲಿ ಕಳಿಸುವುದಿಲ್ಲ.

ಇನ್ನೊಂದು ವಿಷಯ. ನಿನ್ನೆ ಸಂಜೆ ವಾಕಿಂಗ್ ಮುಗಿಸಿ ಬಂದು ಒಂದು ಚಪ್ಪಲಿ ಬಿಟ್ಟು, ಇನ್ನೊಂದಕ್ಕೆ ಬಗ್ಗಿದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ‘ಬಂದ್ರಾ?’ ಎಂದಳು.

ನಾನು ಬಾಗಿಲು ಹಾಕಿದೆ.

ಅಪ್ಪ